ಅಪ್‌ಡೇಟ್: ಥೀಮ್ ಪಾರ್ಕ್‌ನಲ್ಲಿ ಆ್ಯಪ್ ಬುಕಿಂಗಾ, ಮಾಮೂಲಿ ಕ್ಯೂನಾ?

ದುಡ್ಡು ಕೊಟ್ಟು ರೈಡ್‌ಗಳ ಸಮಯ ಬುಕ್ ಮಾಡಬೇಕಾ, ಸುಮ್ನೆ ಕ್ಯೂನಲ್ಲಿ ನಿಂತರೆ ಸಾಕಾ ಅಂತ ಕೇಳಿದ್ದೆ. ಹೋಗಿ ಬಂದೆವು. ಗೇಟ್ ತೆರೆಯುವ ಮೊದಲೇ ಹೋಗಿ ನಿಲ್ಲಿ ಅಂದವರ ಮಾತೇ ಗೆದ್ದಿತು. ದೊಡ್ಡ ರೈಡ್‌ಗಳೆಲ್ಲ ಬೆಳಿಗ್ಗೆಯೇ ಮುಗಿದವು, ಬುಕಿಂಗ್ ಇಲ್ಲದೆ. ಖಾಲಿ ಉಳಿದ ಸೀಟಿಗೆ ಒಬ್ಬೊಬ್ಬರನ್ನೇ ಕೂರಿಸುವ ಬೇರೆ ಸಾಲಲ್ಲಿ ನಿಲ್ಲಿ ಅನ್ನುವ ಸಲಹೆ ನಡೆಯಲಿಲ್ಲ. ಮಗ ಒಬ್ಬನೇ ಕೂರಲು ಒಪ್ಪಲೇ ಇಲ್ಲ. ಮಧ್ಯಾಹ್ನ ರಶ್ ಜಾಸ್ತಿಯಾದಾಗ ಒಂದೇ ಒಂದು ರೈಡ್ ಬುಕ್ ಮಾಡಿದೆವು. ಅದು ದುಡ್ಡಿಗೆ ಮೋಸವಿಲ್ಲ.

ಗೊತ್ತಾದ ಹೊಸ ವಿಷಯ: ಬುಕಿಂಗ್ ಬಂದ ಮಾತ್ರಕ್ಕೆ ಗಂಟೆಗೆ ಇಷ್ಟು ಜನ ಅನ್ನುವ ರೈಡ್‌ನ ಲೆಕ್ಕ ಬದಲಾಗುವುದಿಲ್ಲ. ಬುಕ್ ಮಾಡಿದವರನ್ನು ಮುಂದೆ ಬಿಟ್ಟಷ್ಟೂ ಮಾಮೂಲಿ ಕ್ಯೂ ನಿಧಾನ, ಅಷ್ಟೇ. ಡಿಸ್ನಿ ಪಾರ್ಕ್‌ನವರು 1999ರಲ್ಲಿ ಫಾಸ್ಟ್‌ಪಾಸ್ ಅನ್ನುವ ಇಂಥದ್ದೇ ಬುಕಿಂಗ್ ಶುರು ಮಾಡಿದಾಗ ಅದು ಪುಕ್ಕಟೆ ಇತ್ತು. ಈಗ ಅಲ್ಲೂ ದುಡ್ಡು! ಹಾಂ, ಆ್ಯಪ್ ನೋಡ್ತಾ ಇದ್ದರೆ ಚಾರ್ಜ್ ಬೇಗ ಖಾಲಿ. ಪವರ್ ಬ್ಯಾಂಕ್ ಇಟ್ಟುಕೊಳ್ಳಿ.