ಹೊಸ ಡ್ರೈವಾಲ್‌ಗೆ ಪೇಂಟ್ ಹೊಡೆದ್ರೆ ಜಾಯಿಂಟ್ ಎಲ್ಲಾ ಪಟ್ಟೆ ಪಟ್ಟೆ ಕಾಣ್ತಿದೆ, ಏನ್ ಮಾಡ್ಲಿ?

ಗೋಡೆಗುಬ್ಬಿ:
ಎಲ್ರಿಗೂ ನಮಸ್ಕಾರ. ದೊಡ್ಡ ರೂಮನ್ನ ಎರಡು ಮಾಡಕ್ಕೆ ಮಧ್ಯ ಜಿಪ್ಸಮ್ ಬೋರ್ಡಿನ ಗೋಡೆ (ಡ್ರೈವಾಲ್) ಹಾಕ್ಸಿದ್ವಿ. ಬೋರ್ಡ್ ಕೂರ್ಸಿ ಟೇಪ್ ಹಾಕಿ ಜಾಯಿಂಟ್ ಕಾಂಪೌಂಡ್ (ಸಂದು ಮುಚ್ಚೋ ಪುಟ್ಟಿ) ಬಳಿದು ಕೆಲಸದವ್ರು ಹೋದ್ರು, ಉಜ್ಜೋದು ಪೇಂಟ್ ಹೊಡೆಯೋದು ನಾನೇ ಮಾಡ್ತೀನಿ ಅಂತ ಒಪ್ಕೊಂಡಿದ್ದೆ. ಎಮರಿ ಪೇಪರಲ್ಲಿ ಉಜ್ಜಿದೆ, ಕೈಯಾಡಿಸಿದ್ರೆ ನುಣ್ಣಗೇ ಇತ್ತು. ಒಂದು ಕಡೆಗೆ ನೇರವಾಗಿ ಒಂದ್ ಕೋಟ್ ಹೊಡ್ದೆ, ತಿಳಿ ನೀಲಿ, ಸ್ವಲ್ಪ ಹೊಳಪಿರೋದು. ಒಣಗಿದ್ಮೇಲೆ ನೋಡಿದ್ರೆ ಜಾಯಿಂಟ್ ಇರೋ ಕಡೆ ಮಂಕಾಗಿ ಉದ್ದುದ್ದ ಪಟ್ಟೆ, ಸ್ಕ್ರೂ ಮುಚ್ಚಿರೋ ಕಡೆ ಚುಕ್ಕೆ ಚುಕ್ಕೆ. ಇದನ್ನ ಪೂರ್ತಿ ಕೆರೆದು ತೆಗೀಬೇಕಾ? ಇನ್ನೊಂದು ಕಡೆ ಇನ್ನೂ ಮುಟ್ಟಿಲ್ಲ. ಅದು ಅಮ್ಮ ಇರೋ ರೂಮು, ಚೆನ್ನಾಗಿ ಮಾಡಿಕೊಡ್ಬೇಕು ಅಂತ ತುಂಬಾ ಆಸೆ.

ಹಳೇಬ್ರಷ್:
ಕೆರೆಯೋದೇನೂ ಬೇಡ, ಗಾಬರಿ ಆಗ್ಬೇಡಿ. ಪೇಂಟಿಗೆ ಮುಂಚೆ ಹೊಡೆಯೋ ತಳದ ಕೋಟ್, ಅಂದ್ರೆ ಪ್ರೈಮರ್, ಹಾಕಿಲ್ಲ, ಅದಕ್ಕೇ ಹೀಗಾಗಿದೆ. ಬೋರ್ಡಿನ ಮೇಲಿರೋದು ಕಾಗದ, ಜಾಯಿಂಟ್ ಮೇಲಿರೋದು ಕಾಂಪೌಂಡು, ಎರಡೂ ನೀರು ಕುಡಿಯೋ ರೀತಿ ಬೇರೆ ಬೇರೆ. ಕಾಂಪೌಂಡ್ ಪೇಂಟಲ್ಲಿರೋ ನೀರನ್ನ ಬೇಗ ಎಳ್ಕೊಂಡ್ಬಿಡತ್ತೆ, ಅಲ್ಲಿ ಹೊಳಪು ಸತ್ತು ಮಂಕಾಗತ್ತೆ, ಕಾಗದದ ಮೇಲೆ ಹೊಳಪು ಉಳಿಯತ್ತೆ. ಎರಡನ್ನೂ ಒಂದೇ ಸಮ ಮಾಡೋದು ಪ್ರೈಮರ್ ಕೆಲಸ.

ಮುಟ್ಟದೇ ಇರೋ ಕಡೆಗೆ ಹೊಸ ಡ್ರೈವಾಲಿಗೆ ಅಂತಾನೇ ಬರೋ ಪಿವಿಎ ಪ್ರೈಮರ್ ಸಾಕು. ಪೇಂಟ್ ಆಗಿರೋ ಕಡೆ 220 ನಂಬರಿನ ನುಣುಪು ಎಮರಿ ಪೇಪರಲ್ಲಿ ಹಗುರವಾಗಿ ಉಜ್ಜಿ ಹೊಳಪು ಮುರಿದು, ಒರೆಸಿ, ಅಕ್ರಿಲಿಕ್ ಪ್ರೈಮರ್ ಒಂದ್ ಕೋಟ್ ಹೊಡೀರಿ, ಪಿವಿಎ ಇರೋದು ಬರೀ ಬೋರ್ಡಿಗೆ, ಪೇಂಟ್ ಮೇಲೆ ಅದನ್ನ ಹಾಕ್ಬೇಡಿ. ಆಮೇಲೆ ಎರಡ್ ಕೋಟ್ ಪೇಂಟ್.

ಅದಕ್ಕೂ ಮುಂಚೆ ಧೂಳು ತೆಗೀರಿ. ಉಜ್ಜಿದ ಧೂಳು ಹಿಟ್ಟಿನ ಥರ ಗೋಡೆಗೆ ಅಂಟ್ಕೊಂಡಿರತ್ತೆ, ಕಣ್ಣಿಗೆ ಕಾಣಲ್ಲ. ಒಂದು ತುಂಡು ಮಾಸ್ಕಿಂಗ್ ಟೇಪ್ ಒತ್ತಿ ಕಿತ್ತು ನೋಡಿ, ಅಂಟಿನ ಕಡೆ ಬೆಳ್ಳಗೆ ಪುಡಿ ಬಂದ್ರೆ ಗೋಡೆ ಇನ್ನೂ ರೆಡಿ ಇಲ್ಲ ಅಂತ. ಮೆತ್ತನೆ ಬ್ರಷ್ ಇರೋ ವ್ಯಾಕ್ಯೂಮ್ ಆಡಿಸಿ, ಚೆನ್ನಾಗಿ ಹಿಂಡಿದ ಒದ್ದೆ ಬಟ್ಟೇಲಿ ಒಂದ್ಸಲ ಒರೆಸಿ. ನೀರು ಸುರಿಯೋ ಬಟ್ಟೆ ಬೇಡ, ಕಾಂಪೌಂಡ್ ಕರಗತ್ತೆ.

ಮಳೆಬಿಲ್ಲು:
ನಮ್ಮನೇಲಿ ಪ್ರೈಮರ್ ಇಲ್ದೇ ನೇರ ಎರಡ್ ಕೋಟ್ ಹೊಡ್ದಿದ್ವಿ, ಪೇಂಟಲ್ಲೇ ಪ್ರೈಮರ್ ಸೇರಿದೆ ಅಂತ ಡಬ್ಬದ ಮೇಲೆ ಬರ್ದಿತ್ತು. ಚೆನ್ನಾಗೇ ಬಂತಲ್ಲ, ಯಾಕೆ ಸುಮ್ನೆ ಇನ್ನೊಂದು ಕೆಲಸ?

ಹಳೇಬ್ರಷ್:
@ಮಳೆಬಿಲ್ಲು ನಿಮ್ದು ಬಿಳಿ ಮ್ಯಾಟ್ (ಹೊಳಪಿಲ್ಲದ ಪೇಂಟ್) ಇರ್ಬೇಕು, ಕಿಟಕಿ ಬೆಳಕು ಗೋಡೆಗೆ ನೇರ ಬೀಳ್ತಿರ್ಬೇಕು. ಮ್ಯಾಟಲ್ಲಿ ಹುಳುಕು ಅಷ್ಟು ಕಾಣಲ್ಲ. ಇವ್ರದ್ದು ಹೊಳಪಿನ ಪೇಂಟು, ಹೊಳಪು ಜಾಸ್ತಿ ಆದಷ್ಟೂ ಗೋಡೆಯಲ್ಲಿರೋ ಪ್ರತಿಯೊಂದು ತಪ್ಪನ್ನೂ ಎತ್ತಿ ತೋರಿಸತ್ತೆ. ಬರೀ ಕಾಂಪೌಂಡ್ ಮೇಲೆ ಪ್ರೈಮರ್ ಇಲ್ದೇ ಹೋಗೋದು ನನಗಂತೂ ಸರಿ ಕಾಣಲ್ಲ, ಒಂದು ದಿನ ಉಳಿಸಕ್ಕೆ ಹೋಗಿ ಮೂರ್ ಕೋಟ್ ಪೇಂಟ್ ಖರ್ಚಾಗತ್ತೆ.

ಮಳೆಬಿಲ್ಲು:
ಹೌದು, ಬಿಳಿ ಮ್ಯಾಟೇ. ಹಾಗಿದ್ರೆ ಸರಿ.

ತಿಳಿಗೊಳ:
ನಂದೊಂದು ಸೇರಿಸ್ತೀನಿ, ನಾನು ಪೆಟ್ಟು ತಿಂದಿರೋದು ಇಲ್ಲೇ. ಜಾಯಿಂಟ್ ಪಕ್ಕ ಜಾಸ್ತಿ ಉಜ್ಜಿ ಬೋರ್ಡಿನ ಕಾಗದ ನಾರು ನಾರಾಗಿ ಎದ್ದಿತ್ತು, ಒಂದ್ಕಡೆ ಕಿತ್ತು ಒಳಗಿನ ಕಂದು ಕಾಗದ ಕಾಣ್ತಿತ್ತು. ಅದರ ಮೇಲೇ ಕಾಂಪೌಂಡ್ ಬಳಿದೆ. ಮಾರನೇ ದಿನ ಅಂಗೈ ಅಗಲ ಗುಳ್ಳೆ ಎದ್ದು ನಿಂತಿತ್ತು, ಬೆರಳಲ್ಲಿ ಒತ್ತಿದ್ರೆ ಟೊಳ್ಳು. ಕಂದು ಕಾಗದ ನೀರು ಕುಡಿದು ಉಬ್ಬತ್ತೆ. ಅದಕ್ಕೆ ಕಿತ್ತಿರೋ ಅಂಚನ್ನ ಬ್ಲೇಡಲ್ಲಿ ಕತ್ತರಿಸಿ, ಮೊದ್ಲು ಆಯಿಲ್ ಪ್ರೈಮರ್ ಬಳಿದು ಒಣಗ್ಸಿ, ಆಮೇಲೆ ಕಾಂಪೌಂಡ್ ಹಾಕ್ಬೇಕು. ಉಜ್ಜುವಾಗ ಮಾಸ್ಕ್ ಹಾಕ್ಕೊಳ್ಳಿ, ಅಮ್ಮ ಇರೋ ರೂಮಿನ ಬಾಗಿಲಿಗೆ ಪ್ಲಾಸ್ಟಿಕ್ ಕಟ್ಟಿ.

ಗೋಡೆಗುಬ್ಬಿ:
ತುಂಬಾ ಥ್ಯಾಂಕ್ಸ್. ಟೇಪ್ ಒತ್ತಿ ನೋಡ್ದೆ, ಪೂರ್ತಿ ಬೆಳ್ಳಗೆ ಬಂತು, ಒರೆಸಿದ್ದೀನಿ ಅಂತಾನೇ ಅಂದ್ಕೊಂಡಿದ್ದೆ. ಒಂದ್ ಡೌಟು, ಒಂದು ಪಟ್ಟೆ ಮಾತ್ರ ಮಂಕಲ್ಲ, ಸಂಜೆ ಲೈಟ್ ಹಾಕಿದ್ರೆ ನೆರಳು ಬೀಳತ್ತೆ. ಅದೂ ಪ್ರೈಮರಲ್ಲಿ ಹೋಗತ್ತಾ?

ಹಳೇಬ್ರಷ್:
ಇಲ್ಲ, ಅದು ಬೇರೆ. ನೆರಳು ಬೀಳ್ತಿದೆ ಅಂದ್ರೆ ಅಲ್ಲಿ ಉಬ್ಬಿದೆ. ರೂಮು ಕತ್ತಲೆ ಮಾಡಿ ಟಾರ್ಚನ್ನ ಗೋಡೆಗೆ ತಾಗಿಸಿ ಪಕ್ಕದಿಂದ ಬೆಳಕು ಬಿಡಿ, ಎಲ್ಲೆಲ್ಲಿ ಏಣು ಇದೆ ಪೆನ್ಸಿಲಲ್ಲಿ ಗುರುತು ಹಾಕ್ಕೊಳ್ಳಿ. ಉಬ್ಬಿನ ಎರಡೂ ಪಕ್ಕ ತೆಳ್ಳಗೆ ಕಾಂಪೌಂಡ್ ಎಳೆದು ಅಗಲ ಮಾಡಿ, ಬರೀ ಉಜ್ಜಕ್ಕೆ ಹೋದ್ರೆ ಟೇಪೇ ಹೊರಗೆ ಬರತ್ತೆ. ಹಸಿ ಇರೋವರೆಗೂ ಕಾಂಪೌಂಡ್ ಬಣ್ಣ ಗಾಢವಾಗಿರತ್ತೆ, ಪೂರ್ತಿ ತಿಳಿಯಾಗೋವರೆಗೆ ಬಿಡಿ, ಸಾಮಾನ್ಯ 24 ಗಂಟೆ, ಗಾಳೀಲಿ ತೇವ ಇದ್ರೆ ಇನ್ನೂ ಜಾಸ್ತಿ. ಆಮೇಲೆ 150 ನಂಬರಿನ ಎಮರಿ ಪೇಪರಲ್ಲಿ ಉಜ್ಜಿ ಧೂಳು ತೆಗೆದು ಪ್ರೈಮರ್. ಪ್ರೈಮರ್ ಒಣಗಿದ್ಮೇಲೆ ಟಾರ್ಚ್ ಇನ್ನೊಂದ್ಸಲ ಹಿಡೀರಿ, ಗೋಡೆ ಪೂರ್ತಿ ಒಂದೇ ಬಣ್ಣ ಆಗಿರೋದ್ರಿಂದ ಮೊದ್ಲು ಕಾಣದ್ದೂ ಆಗ ಕಾಣತ್ತೆ.