ಕಂಪ್ಲಯನ್ಸ್ ಅಂದರೆ ಯಾರ ಪಾಲನೆ? ಕರುಳಿನ ಆಪರೇಷನ್ ಕೈಪಿಡಿಗೆ ಪದ ಬೇಕು

ಎಲ್ಲರಿಗೂ ನಮಸ್ಕಾರ.

ಹುಬ್ಬಳ್ಳಿಯ ಒಂದು ಆಸ್ಪತ್ರೆಗಾಗಿ ದೊಡ್ಡ ಕರುಳಿನ ಆಪರೇಷನ್ ಬಗ್ಗೆ ಚಿಕ್ಕ ಕೈಪಿಡಿ ಬರೆಯುತ್ತಿದ್ದೇನೆ. ಅರ್ಧ ಭಾಗ ರೋಗಿಗೆ ಮತ್ತು ಮನೆಯವರಿಗೆ, ಇನ್ನರ್ಧ ವಾರ್ಡಿನ ಸಿಸ್ಟರ್‌ಗಳಿಗೆ. ಓದುವವರು ಹುಬ್ಬಳ್ಳಿ, ನವಲಗುಂದ, ರೋಣ, ಹಾನಗಲ್ಲ ಕಡೆಯವರು. ‘ಕಂಪ್ಲಯನ್ಸ್’ ಅನ್ನುವ ಮಾತು ಇದರಲ್ಲಿ ಪುಟಪುಟಕ್ಕೂ ಬರುತ್ತದೆ. ಅದಕ್ಕೆ ಕನ್ನಡ ಬೇಕಾಗಿದೆ.

ಮೊದಲು ವಿಷಯ ಹೇಳುತ್ತೇನೆ. 1990ರ ದಶಕದಲ್ಲಿ ಡೆನ್ಮಾರ್ಕಿನ ಸರ್ಜನ್ ಹೆನ್ರಿಕ್ ಕೆಹ್ಲೆಟ್ ಒಂದು ಪ್ರಶ್ನೆ ಎತ್ತಿದರು. ಆಪರೇಷನ್ ಚೆನ್ನಾಗಿ ಆದ ಮೇಲೂ ರೋಗಿ ಇಷ್ಟು ದಿನ ಆಸ್ಪತ್ರೆಯಲ್ಲಿ ಯಾಕೆ ಉಳಿಯಬೇಕು? ನೋವು, ವಾಂತಿ, ಕೆಲಸ ನಿಲ್ಲಿಸಿದ ಕರುಳು, ಬೇಕಾದ್ದಕ್ಕಿಂತ ಜಾಸ್ತಿ ಸಲೈನು, ಸುಮ್ನೆ ಮಲಗಿಸಿಡುವುದು, ಇವೆಲ್ಲ ಕೂಡಿ ಆತನನ್ನು ಹಿಡಿದಿಡುತ್ತವೆ. ಎಲ್ಲವನ್ನೂ ಒಟ್ಟಿಗೇ ಸರಿಪಡಿಸಬೇಕು ಎಂಬುದು ಅವರ ವಿಚಾರ. ಆಮೇಲೆ ಯುರೋಪಿನ ಸರ್ಜನ್‌ಗಳು, ಅರಿವಳಿಕೆ ಡಾಕ್ಟರುಗಳು ಸೇರಿ ಇದನ್ನು ಬೆಳೆಸಿದರು. ಆಪರೇಷನ್ ನಂತರ ರೋಗಿ ಬೇಗ ಚೇತರಿಸಿಕೊಳ್ಳುವ ಈ ಕ್ರಮವನ್ನು ಹರಡಲು 2010ರಲ್ಲಿ ಎರಾಸ್ ಸೊಸೈಟಿ (ಇಂಗ್ಲಿಷ್‌ನಲ್ಲಿ ‘ಎನ್‌ಹಾನ್ಸ್ಡ್ ರಿಕವರಿ ಆಫ್ಟರ್ ಸರ್ಜರಿ’) ಹುಟ್ಟಿತು. ದೊಡ್ಡ ಕರುಳಿನ ಆಪರೇಷನ್‌ಗೆ ಅವರ ಮಾರ್ಗಸೂಚಿಯಲ್ಲಿ ಇಪ್ಪತ್ತಕ್ಕೂ ಹೆಚ್ಚು ಅಂಶಗಳಿವೆ. ಮೊದಲೇ ರಕ್ತಹೀನತೆ ನೋಡಿ ಸರಿಮಾಡುವುದು, ಕೊಯ್ಯುವ ಮುಂಚಿನ ಒಂದು ತಾಸಿನೊಳಗೆ ಆಂಟಿಬಯಾಟಿಕ್ ಕೊಡುವುದು, ಮೈ ಬೆಚ್ಚಗಿಡುವುದು, ಮೂಗಿನಿಂದ ಹೊಟ್ಟೆಗೆ ಇಳಿಸುವ ನಳಿಗೆಯನ್ನು ರೂಢಿಯೆಂದು ಹಾಗೇ ಇಟ್ಟಿರದೆ ಇರುವುದು, ‘ಗಾಳಿ ಹೋಗಲಿ, ಆಮೇಲೆ ಊಟ’ ಎಂದು ಕಾಯದೆ ಬೇಗ ಬಾಯಿಂದ ಆಹಾರ ಕೊಡುವುದು, ಹೀಗೆ.

ಕಂಪ್ಲಯನ್ಸ್ ಅಂದರೆ ಈ ಅಂಶಗಳಲ್ಲಿ ಎಷ್ಟು ನಿಜವಾಗಿ ನಡೆದವು ಎಂಬ ಲೆಕ್ಕ. ಒಬ್ಬ ರೋಗಿಗೆ 20 ಅಂಶ ಅನ್ವಯಿಸಿ 14 ನಡೆದಿದ್ದರೆ ಶೇ 70. ಸ್ವೀಡನ್ನಿನ ಒಂದು ಆಸ್ಪತ್ರೆ ತನ್ನ 953 ರೋಗಿಗಳ ಲೆಕ್ಕವನ್ನು 2011ರಲ್ಲಿ ಪ್ರಕಟಿಸಿತು. ಕೆಲವೇ ವರ್ಷಗಳಲ್ಲಿ ಅಲ್ಲಿ ಇದು ಸುಮಾರು ಶೇ 43ರಿಂದ 71ಕ್ಕೆ ಏರಿತ್ತು. ಜೊತೆಗೇ ಆಪರೇಷನ್ ನಂತರದ ತೊಂದರೆಗಳು ಇಳಿದಿದ್ದವು. ಈ ಸಂಗತಿಯನ್ನು ಕೈಪಿಡಿಯಲ್ಲಿ ಹಾಕಲೇಬೇಕು ಎಂಬ ಆಸೆ ನನಗಿದೆ.

ತೊಡಕು ಇಲ್ಲೇ ಇದೆ. ನಿಘಂಟು ಕೊಡುವುದು ‘ಪಾಲನೆ’, ‘ಅನುಸರಣೆ’, ‘ಬದ್ಧತೆ’. ‘ಮಾರ್ಗಸೂಚಿ ಪಾಲನೆ ಶೇ 43 ಇತ್ತು’ ಎಂದು ಬರೆದರೆ ನಮ್ಮ ಕಡೆ ಯಾರೇ ಓದಿದರೂ ಕೇಳುವುದು ಒಂದೇ: ‘ಪೇಶಂಟ್ ಡಾಕ್ಟರ್ ಮಾತು ಕೇಳಲಿಲ್ಲೇನ್ರಿ?’ ಆಸ್ಪತ್ರೆಯ ಸಂದರ್ಭದಲ್ಲಿ ಪಾಲಿಸುವವನು ರೋಗಿಯೇ ಎಂದು ನಮ್ಮ ಕಿವಿಗೆ ರೂಢಿಯಾಗಿದೆ. ಪಥ್ಯ ಮಾಡುವವನು ಅವನು, ಗುಳಿಗೆ ತಪ್ಪಿಸುವವನೂ ಅವನೇ. ಆದರೆ ಇಲ್ಲಿ ಅಳೆಯುತ್ತಿರುವುದು ಮುಖ್ಯವಾಗಿ ಆಸ್ಪತ್ರೆಯನ್ನು. ಮೈ ಬೆಚ್ಚಗಿಡುವುದೂ ಆಂಟಿಬಯಾಟಿಕ್ ಹೊತ್ತಿಗೆ ಸರಿಯಾಗಿ ಕೊಡುವುದೂ ಅರಿವಳಿಕೆಯಲ್ಲಿರುವ ರೋಗಿಯ ಕೈಯಲ್ಲಿಲ್ಲ ಅಲ್ವಾ? ನೋವಿನಲ್ಲಿರುವವರ ತಲೆಯ ಮೇಲೆ ಇನ್ನೊಬ್ಬರ ಕೆಲಸದ ಲೆಕ್ಕ ಹೊರಿಸುವ ಪದ ನನಗೆ ಬೇಡ.

ಇದರ ಒಳಗೆ ಇನ್ನೊಂದು ಗಂಟಿದೆ. ಆಪರೇಷನ್‌ಗೆ ಮುಂಚಿನ ಅಂಶಗಳು ಬಹುತೇಕ ತಂಡದ ಕೈಯಲ್ಲಿರುತ್ತವೆ. ನಂತರದವು ಹಾಗಲ್ಲ. ಮರುದಿನ ಊಟ ಕೊಡಬೇಕಿತ್ತು, ಕೊಡಲಿಲ್ಲ. ಯಾಕೆ? ಯಾರೂ ಹೇಳಲಿಲ್ಲ, ಟ್ರೇ ಬರಲಿಲ್ಲ ಎಂಬುದು ಒಂದು ಕಾರಣ. ರೋಗಿಗೆ ವಾಂತಿ, ಹೊಟ್ಟೆ ಉಬ್ಬರ, ಅವನಿಗೆ ತಿನ್ನಲು ಆಗಲೇ ಇಲ್ಲ ಎಂಬುದು ಇನ್ನೊಂದು. ಮೊದಲನೆಯದರಲ್ಲಿ ಲೋಪದಿಂದ ತೊಂದರೆ ಬರಬಹುದು. ಎರಡನೆಯದರಲ್ಲಿ ತೊಂದರೆ ಮೊದಲು ಬಂದಿದೆ, ಅಂಶ ತಪ್ಪಿದ್ದು ಆಮೇಲೆ. ಅಂಕಿಯಲ್ಲಿ ಎರಡೂ ಒಂದೇ ‘ಇಲ್ಲ’. ಹಾಗಾಗಿ ಶೇಕಡಾ ಕಡಿಮೆ ಇರುವ ಕಡೆ ತೊಂದರೆ ಜಾಸ್ತಿ ಕಂಡರೆ, ಯಾವುದರಿಂದ ಯಾವುದು ಎಂದು ಥಟ್ಟನೆ ಹೇಳಲು ಬರುವುದಿಲ್ಲ.

ಕನ್ನಡದಲ್ಲಿ ‘ಮಾಡಲಿಲ್ಲ’ ಮತ್ತು ‘ಆಗಲಿಲ್ಲ’ ಎಂಬ ಜೋಡಿ ಇರುವುದು ಇಲ್ಲಿ ದೊಡ್ಡ ಅನುಕೂಲ. ಸಿಸ್ಟರ್‌ಗಳ ಪಟ್ಟಿಯಲ್ಲಿ ‘ಮಾಡಿದೆವು, ಮಾಡಲಿಲ್ಲ, ಆಗಲಿಲ್ಲ’ ಎಂದು ಮೂರು ಕಾಲಂ ಇಟ್ಟಿದ್ದೇನೆ. ‘ಪಾಲಿಸಲಾಗಿಲ್ಲ’ ಎಂದು ಬರೆದಿದ್ದರೆ ಈ ಭೇದ ಮುಳುಗಿ ಹೋಗುತ್ತಿತ್ತು, ಯಾರು ಪಾಲಿಸಲಿಲ್ಲ ಎಂಬುದೂ ಮುಚ್ಚಿ ಹೋಗುತ್ತಿತ್ತು.

ಒಟ್ಟು ಲೆಕ್ಕದ ಹೆಸರಿಗೆ ನನ್ನ ಮನಸ್ಸು ‘ನಡೆಸಿಕೊಟ್ಟ ಪ್ರಮಾಣ’ದ ಕಡೆ ವಾಲಿದೆ. ‘ಮಾತು ನಡೆಸಿಕೊಟ್ಟರು’ ಎಂದು ಎಲ್ಲ ಕಡೆ ಹೇಳುತ್ತೇವೆ. ಅಲ್ಲಿ ಮಾತು ಕೊಟ್ಟವನ ಮೇಲೆ ಹೊಣೆ ಇರುತ್ತದೆ, ಪಡೆದವನ ಮೇಲಲ್ಲ. ‘ಆಸ್ಪತ್ರೆ ಮಾರ್ಗಸೂಚಿಯ ಶೇ 70ರಷ್ಟನ್ನು ನಡೆಸಿಕೊಟ್ಟಿತು’ ಎಂದರೆ ಯಾರ ಕೆಲಸ ಎಂಬುದು ತಾನಾಗಿ ತಿಳಿಯುತ್ತದೆ. ತೊಂದರೆ ಎಂದರೆ ಕಾಲಂ ತಲೆಯಲ್ಲಿ ಇದು ಉದ್ದ. ಒಬ್ಬರು ‘ಜಾರಿ’ ಸೂಚಿಸಿದರು. ಚಿಕ್ಕದು ನಿಜ, ಆದರೆ ನನಗೆ ಅದು ಕಚೇರಿ ಆದೇಶದಂತೆ ಕೇಳುತ್ತದೆ. ಆದೇಶ ಹೊರಟ ಕೂಡಲೇ ಜಾರಿಯಾಯಿತು ಅನ್ನುತ್ತೇವೆ, ರೋಗಿಗೆ ತಲುಪಿತೇ ಎಂಬುದು ಅದರಲ್ಲಿ ಬರುವುದಿಲ್ಲ.

ಉಳಿದವು ಚಿಕ್ಕವು. ‘ಎಲೆಕ್ಟಿವ್’ಗೆ ‘ಐಚ್ಛಿಕ’ ಎಂಬುದನ್ನು ಕೈಬಿಟ್ಟಿದ್ದೇನೆ. ಕರುಳಿನ ಕ್ಯಾನ್ಸರ್ ಆಪರೇಷನ್ ಕೂಡ ಈ ಗುಂಪಿಗೇ ಸೇರಬಹುದು, ಅದನ್ನು ಬೇಕಾದರೆ ಮಾಡಿಸಿಕೊಳ್ಳಿ ಎಂಬ ಅರ್ಥ ಬರುವಂತೆ ಹೇಳಬಾರದು. ‘ದಿನ ಗೊತ್ತುಮಾಡಿದ ಆಪರೇಷನ್’ ಎಂದು ಬರೆದಿದ್ದೇನೆ. ‘ಚೇತರಿಕೆ’ಯನ್ನು ಹಾಗೇ ಉಳಿಸಿದ್ದೇನೆ, ‘ಆರಾಮ ಆಗುವುದು’ ಅನ್ನುವುದು ಮನೆಯವರ ಭಾಗದಲ್ಲಿ ಬಂದಿದೆ.

ಎಬ್ಬಿಸಿ ನಡೆಸುವುದಕ್ಕೆ ‘ಅಡ್ಡಾಡಿಸುವುದು’ ಇಟ್ಟಿದ್ದೇನೆ. ಧಾರವಾಡ ಸೀಮೆಯಲ್ಲಿ ಇದು ದಿನದ ಮಾತು. ಮೈಸೂರು ಕಡೆಯವರಿಗೆ ಗೊತ್ತುಗುರಿಯಿಲ್ಲದ ತಿರುಗಾಟದಂತೆ ಕೇಳಿಸುತ್ತದೆಯೇ? ಅಲ್ಲಿಂದ ಬಂದ ಸಿಸ್ಟರ್‌ಗಳೂ ಇದ್ದಾರೆ, ಹಾಗಾಗಿ ಕೇಳುತ್ತಿದ್ದೇನೆ.

ಕೊನೆಯದು ಜೀವಕ್ಕೆ ಸಂಬಂಧಿಸಿದ್ದು. ಸಾಮಾನ್ಯ ರೋಗಿಗಳು ಗಟ್ಟಿ ಆಹಾರವನ್ನು ಅರಿವಳಿಕೆಗೆ 6 ತಾಸು ಮುಂಚೆ ನಿಲ್ಲಿಸಬೇಕು. ‘ಕ್ಲಿಯರ್ ಫ್ಲೂಯಿಡ್’ ಮಾತ್ರ 2 ತಾಸು ಮುಂಚಿನವರೆಗೂ ಕುಡಿಯಬಹುದು. ಇದಕ್ಕೆ ‘ತಿಳಿ ಪಾನೀಯ’ ಎನ್ನೋಣವೆಂದರೆ ತಿಳಿ ಮಜ್ಜಿಗೆ ನೆನಪಾಗುತ್ತದೆ, ಮಜ್ಜಿಗೆ ಈ ಗುಂಪಿನಲ್ಲಿಲ್ಲ. ಇಂಗ್ಲಿಷ್ ಪಟ್ಟಿಯಲ್ಲಿರುವ ‘ಟೀ’ ಹಾಲಿಲ್ಲದ್ದು. ನಮ್ಮಲ್ಲಿ ಚಹಾ ಅಂದರೆ ಹಾಲು ಇದ್ದೇ ಇರುತ್ತದೆ. ‘ಚಹಾ ಕುಡಿಯಬಹುದು’ ಎಂದು ಅಚ್ಚಾದರೆ ಅಪಾಯ. ಸದ್ಯಕ್ಕೆ ‘ನೀರು, ಹಾಲು ಹಾಕದ ಚಹಾ, ತಿರುಳಿಲ್ಲದ ಹಣ್ಣಿನ ರಸ ಕುಡಿಯಬಹುದು. ಹಾಲು, ಮಜ್ಜಿಗೆ, ಗಂಜಿ ಬೇಡ’ ಎಂದು ಬಿಡಿಸಿ ಬರೆದಿದ್ದೇನೆ. ಒಂದೇ ಪದ ಯಾರಿಗಾದರೂ ಹೊಳೆದರೂ ಈ ಸಾಲನ್ನು ತೆಗೆಯುವುದಿಲ್ಲ.

ಗದಗ, ಹಾವೇರಿ ಕಡೆಯ ಆಸ್ಪತ್ರೆಗಳಲ್ಲಿ ಕೆಲಸ ಮಾಡುವವರು ‘ನಡೆಸಿಕೊಟ್ಟ ಪ್ರಮಾಣ’ ಎಂಬುದನ್ನು ಒಮ್ಮೆ ಜೋರಾಗಿ ಓದಿ, ಡ್ಯೂಟಿ ಬದಲಾಗುವಾಗ ಹೇಳಲು ಬರುತ್ತದೆಯೇ ತಿಳಿಸಿ. ಇದಕ್ಕಿಂತ ಚಿಕ್ಕದು, ಹೊಣೆ ಮಾತ್ರ ಆಸ್ಪತ್ರೆಯ ಮೇಲೇ ಉಳಿಸುವ ಪದ ಇದ್ದರೆ ದಯವಿಟ್ಟು ಬರೆಯಿರಿ.