ಸಹಾಯ ಬೇಕು: ವೈರಿಂಗ್ ಕೆಲಸಕ್ಕೆ ಸಂಬಳದವರೋ, ಹೊರಗಿನ ತಂಡವೋ?

ಎಲ್ಲರಿಗೂ ನಮಸ್ಕಾರ. ದಾವಣಗೆರೆಯಲ್ಲಿ ಮನೆಗಳ ವೈರಿಂಗ್ ಗುತ್ತಿಗೆ ನಡೆಸುತ್ತಿರುವ ನನ್ನ ಬಳಿ ಈಗ ಎಂಟು ಮಂದಿ ಸಂಬಳಕ್ಕಿದ್ದಾರೆ. ಕೆಲಸ ಹೆಚ್ಚಿರುವುದರಿಂದ ಇನ್ನಿಬ್ಬರನ್ನು ಸೇರಿಸಿಕೊಂಡರೆ ಸಂಖ್ಯೆ ಹತ್ತಾಗಿ ಇಎಸ್‌ಐ (ನೌಕರರ ರಾಜ್ಯ ವಿಮೆ) ಕಡ್ಡಾಯವಾಗುತ್ತದೆ. ಅದರಲ್ಲಿ ಮಾಲೀಕರ ಪಾಲು ಸಂಬಳದ ಶೇ. 3.25. ಹುಡುಗರಿಗೆ ಆಸ್ಪತ್ರೆಯ ಆಸರೆ ಸಿಗುವುದಾದರೆ ಆ ಖರ್ಚು ನನಗೆ ಭಾರವಲ್ಲ. ಮಳೆಗಾಲದಲ್ಲಿ ಕಟ್ಟಡದ ಕೆಲಸ ನಿಂತಾಗ ಸಂಬಳ ಹೊಂದಿಸುವುದೇ ಚಿಂತೆ.

ಗೋಡೆ ಕೊರೆದು ಪೈಪು ಹೂಳುವ ಕೆಲಸವನ್ನು ಪಾಯಿಂಟ್ ಲೆಕ್ಕದಲ್ಲಿ (ದೀಪ, ಫ್ಯಾನು, ಸಾಕೆಟ್ ಒಂದೊಂದಕ್ಕೆ ಇಷ್ಟೆಂದು) ಹೊರಗಿನ ತಂಡಕ್ಕೆ ಕೊಟ್ಟು, ಅರ್ಥಿಂಗ್ ಮತ್ತು ಡಿಬಿ (ಮನೆಯೊಳಗೆ ವಿದ್ಯುತ್ ಹಂಚುವ ಪೆಟ್ಟಿಗೆ) ಜೋಡಣೆಯನ್ನು ಮಾತ್ರ ನಮ್ಮವರಿಂದಲೇ ಮಾಡಿಸುವುದು ಸರಿಯೆಂದು ನನಗೆ ತೋರುತ್ತದೆ, ಏಕೆಂದರೆ ಅಲ್ಲಿ ತಪ್ಪಾದರೆ ಮನೆಯವರ ಜೀವಕ್ಕೇ ಅಪಾಯ. ಈ ರೀತಿ ಕೆಲಸ ಹಂಚಿರುವವರು, ಹೊರಗಿನ ಕೆಲಸಗಾರನಿಗೆ ಪೆಟ್ಟಾದರೆ ಹೊಣೆ ಯಾರದೆಂಬುದನ್ನು ಕರಾರಿನಲ್ಲಿ ಹೇಗೆ ಬರೆದುಕೊಂಡಿದ್ದೀರಿ ಎಂದು ದಯವಿಟ್ಟು ತಿಳಿಸಿ.